ಕಂಬದ ಮೇಲಿನ ಮಚ್ಚೇಂದ್ರ

ಅವಳು ತನ್ನನ್ನೇ ನೋಡುತ್ತಾಳೆ ಎಂದು ಲೈನ್‌ಮನ್ ಮಚ್ಚೇಂದ್ರನಿಗೆ ಖಾತ್ರಿಯಾಗಿ ತಿಂಗಳಾಗಿತ್ತು.

ಹುಮನಾಬಾದಿನ ಸರಕಾರಿ ಶಾಲೆಯೆದುರಿನ ಕಂಬ ಹತ್ತಿದಾಗಲೆಲ್ಲ ಡ್ರಾಯಿಂಗ್ ಟೀಚರ್ ಸಂಗಮ್ಮ ಕಿಟಕಿಗೆ ಬರುವಳು. ಕಣ್ಣು ಕಿರಿದು ಮಾಡಿ, ತಲೆ ವಾಲಿಸಿ, ತುಸುವೇ ನಗುವಳು. 1979ರ ಆ ದಿನಗಳಲ್ಲಿ ಕರೆಂಟ್ ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ಮಚ್ಚೇಂದ್ರ ಮಾತ್ರ ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟೇ ಕಂಬ ಹತ್ತುತ್ತಿದ್ದ.

ಆಮೇಲೆ ಗುಲಬರ್ಗಾದ ವಾರಪತ್ರಿಕೆಯಲ್ಲಿ ಆ ವ್ಯಂಗ್ಯಚಿತ್ರ ಬಂತು. ಲೈನ್‌ಮನ್ ಒಬ್ಬ ಕಂಬ ತಬ್ಬಿ ಗೊರಕೆ ಹೊಡೆಯುತ್ತಿದ್ದಾನೆ. ತಲೆಯ ಮೇಲೆ ಕಾಗೆಗೂಡು. ಕೆಳಗೆ, 'ಕರೆಂಟ್ ಬಂದರೆ ಎಬ್ಬಿಸಿ.' ಮೂಗು ಮಚ್ಚೇಂದ್ರನದೇ. ಚಹಾದಂಗಡಿಯಲ್ಲಿ ಮಂದಿ ಅವನನ್ನು ಕಂಡು ಕಾ ಕಾ ಎಂದರು. ಕಿಟಕಿಯ ನೋಟದ ಅರ್ಥ ಅವನಿಗೆ ಆಗ ಹೊಳೆಯಿತು.

ಶಾಲೆ ಬಿಟ್ಟ ಹೊತ್ತಿಗೆ ಗೇಟಿನ ಬಳಿ ಪೇಪರ್ ಚಾಚಿದ.

"ಇದಕ್ಕಂತ ನೋಡ್ತಿದ್ರೇನ್ರಿ ನನ್ನ?"

ಸಂಗಮ್ಮನ ಮುಖ ಕೆಂಪಾಯಿತು. "ಮಂದಿ ನಗ್ಲಿ ಅಂತ ಬರದೆ. ನಿಮ್ಮ ಮ್ಯಾಲ ಸಿಟ್ಟಿಲ್ರಿ."

"ಇಪ್ಪತ್ತಾರು ಹಳ್ಳಿಗಿ ಇಬ್ಬರೇ ಲೈನ್‌ಮನ್ ಇದ್ವಿ. ಕರೆಂಟ್ ತಗಿಯೋರು ಯಾರೋ, ಬೈಸ್ಕೊಳ್ಳೋರು ನಾವು. ಹೋದ ವರ್ಷ ನನ್ನ ಜೋಡಿದಾರ ಲಾಲಪ್ಪ ತಂತಿಗಿ ಸಿಕ್ಕು ಸತ್ತ, ಈಗ ನಾ ಒಬ್ಬನೇ. ಕಂಬದ ಮ್ಯಾಲ ನಿದ್ದಿ ಹ್ಯಾಂಗ ಬರ್ತದ್ರಿ?" ಪೇಪರ್ ಮಡಚುತ್ತ, "ನಾ ಬ್ಯಾರೇನೋ ತಿಳ್ಕೊಂಡಿದ್ದೆ" ಎಂದವನು ಉತ್ತರಕ್ಕೆ ಕಾಯದೆ ಸೈಕಲ್ ಹತ್ತಿದ.

ಮೂರನೇ ವಾರ ಹೊಸ ಚಿತ್ರ ಬಂತು. ಮೆತ್ತನೆಯ ಕುರ್ಚಿಗಳಲ್ಲಿ ಕರೆಂಟ್ ಆಫೀಸಿನ ಸಾಹೇಬರು ಸ್ವಿಚ್ಚಿನ ಮೇಲೆ ತಲೆಯಿಟ್ಟು ಮಲಗಿದ್ದಾರೆ. ಹೊರಗೆ ಕಂಬದ ಮೇಲೆ ಒಬ್ಬನೇ ಎಚ್ಚರ. ಮೊದಲಿನದಕ್ಕೆ ಸಹಿಯಿರಲಿಲ್ಲ, ಇದರಲ್ಲಿ ದಪ್ಪಗೆ 'ಸಂಗಮ್ಮ, ಹುಮನಾಬಾದ' ಎಂದಿತ್ತು. ಚಹಾದಂಗಡಿಯ ವಜೀರಬಿ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದಳು.

ಸರಕಾರಿ ಟೀಚರೊಬ್ಬಳು ಸಾಹೇಬರ ಮೇಲೆ ಚಿತ್ರ ಬರೆದರೆ ಸುಮ್ಮನೆ ಬಿಟ್ಟಾರೆಯೇ? ಎಂಟೇ ದಿನಕ್ಕೆ ಸಂಗಮ್ಮನಿಗೆ ಘಾಟಬೋರಾಳವೆಂಬ ಹಳ್ಳಿಗೆ ವರ್ಗವಾಯಿತು. ಸುದ್ದಿ ತಿಳಿದು ಮಚ್ಚೇಂದ್ರ ಬಸ್‌ಸ್ಟ್ಯಾಂಡಿಗೆ ಓಡಿದ. ಅವಳು ಟ್ರಂಕಿನ ಮೇಲೆ ಕೂತಿದ್ದಳು.

"ನನ್ನ ಸಲುವಾಗಿ ಯಾಕ ಹಿಂಗ ಮಾಡ್ಕೊಂಡ್ರಿ?"

"ತಪ್ಪು ನಂದು. ಹೆಸರೂ ನಂದೇ ಇರ್ಲಿ ಅಂತ." ಅವಳು ತಲೆಯೆತ್ತಿದಳು. "ನೀವು ಬ್ಯಾರೇನೋ ತಿಳ್ಕೊಂಡಿದ್ರೆಲ್ಲ, ಅದೇನ್ರಿ?"

ಹನ್ನೊಂದು ಸಾವಿರ ವೋಲ್ಟಿಗೆ ಅಳುಕದವನು ಟ್ರಂಕಿನ ಬೀಗ ನೋಡುತ್ತ ಹೇಳಿದ, "ನನ್ನ ಮ್ಯಾಲ ಮನಸ್ಸಿಟ್ಟು ನೋಡಾಕತ್ತೀರಿ ಅಂತ."

"ಮೊದಲೆರಡು ದಿನ ಮೂಗಿಗಂತ ನೋಡಿದ್ದು ಖರೇ," ಎಂದಳು ಸಂಗಮ್ಮ ಮೆಲ್ಲಗೆ. "ಒಂದು ಮೂಗು ಬರಿಯಾಕ ತಿಂಗಳು ಬೇಕೇನ್ರಿ?"

ಬಸ್ಸು ಬಂತು.

"ಘಾಟಬೋರಾಳದಾಗ ಕರೆಂಟೇ ನಿಂದ್ರಂಗಿಲ್ಲಂತ," ಎಂದಳು.

"ಆ ಲೈನ್ ನಂದೇ ಅದರಿ!"

ಟ್ರಂಕನ್ನು ಬಸ್ಸಿನ ಮೇಲೇರಿಸಿ, ಅವಳ ಹಿಂದೆಯೇ ಒಳಗೆ ಹತ್ತಿ, ಮಚ್ಚೇಂದ್ರ ಕಂಡಕ್ಟರನಿಗೆ ಎರಡು ಟಿಕೆಟ್ ಕೇಳಿದ.