ಅಕ್ಕನ ಪರೀಕ್ಷಾ ಸಾಲು

ಬೆಳಿಗ್ಗೆ ನಮ್ಮ ಆಸ್ಪತ್ರೆಯ ರೋಗಿಗಳ ಮಾತ್ರೆಪಟ್ಟಿಯ ಡೇಟಾಬೇಸ್ ಕೆಟ್ಟುಹೋಯಿತು. ಸಂಜೆ ಮಾತ್ರೆ ಹಂಚುವ ಹೊತ್ತಿಗೆ ಅದನ್ನು ದಿನದಿನದ ಪ್ರತಿಗಳಿರುವ ಬ್ಯಾಕಪ್‌ನಿಂದ ಮರಳಿ ತರಬೇಕಿತ್ತು. ನನ್ನ ಚಿಕ್ಕಪ್ಪನೂ ಅಲ್ಲೇ ದಾಖಲಾಗಿದ್ದರು. ಕಂಪ್ಯೂಟರ್ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ, ಈ ಕೆಲಸ ಕಲಿಸಿದ, ನಾನು ಅಕ್ಕ ಅಂತಲೇ ಕರೆಯುತ್ತಿದ್ದ ಹಿರಿಯ ಸಹೋದ್ಯೋಗಿ ತೀರಿಕೊಂಡು ತಿಂಗಳಾಗಿತ್ತು.

ನರ್ಸ್ ಮತ್ತೆ ಫೋನ್ ಮಾಡಿದರು. “ಏನಮ್ಮಾ, ಇನ್ನೂ ಎಷ್ಟೊತ್ತು? ಯಾರಿಗೆ ಯಾವ ಮಾತ್ರೆ ಅಂತ ನಾನೇನು ಕನಸು ಕಾಣಲಾ?”

“ಇನ್ನೇನು ಮುಗೀತು ಸಿಸ್ಟರ್,” ಅಂದೆ. ಕಣ್ಣುಗಳು ಉರಿಯುತ್ತಿದ್ದವು.

ಹಿಂದಿನ ದಿನದ ಪ್ರತಿ ಪೂರ್ತಿ ಮರಳಿ ಬಂತು. ಇಂಥ ಹೊತ್ತಿನಲ್ಲಿ ಅಕ್ಕ ಪಟ್ಟಿಯ ಕೊನೆಗೊಂದು ಪರೀಕ್ಷಾ ಸಾಲು ಬರೆದು, ಅದು ಸರಿಯಾಗಿ ಉಳಿಯಿತೇ ಎಂದು ನೋಡಿ, ಅಳಿಸುತ್ತಿದ್ದರು. ನಾನೂ ಬರೆಯಹೋದೆ. ಅಲ್ಲಿ ಆಗಲೇ ಒಂದಿತ್ತು: ‘ನಿನ್ನೇದು ಬೇಡ ಕಣೇ, ಮೊನ್ನೇದು ಹಾಕು.’

ಎ.ಸಿ.ಯ ಚಳಿಗೆ ನನ್ನ ಬೆರಳುಗಳು ಮರಗಟ್ಟಿದ್ದವು. ಪಕ್ಕದಲ್ಲಿದ್ದ ಅಕ್ಕನ ಖಾಲಿ ಕುರ್ಚಿಯನ್ನು ಮುಟ್ಟಿದೆ. ಬೆಚ್ಚಗಿತ್ತು.

ಪಟ್ಟಿಯಲ್ಲಿ ಚಿಕ್ಕಪ್ಪನ ಹೆಸರು ಹುಡುಕಿದೆ. ಸಕ್ಕರೆ ಕಾಯಿಲೆಯಿದ್ದ ಅವರ ಹೆಸರಿನ ಮುಂದೆ ಬೇರೆ ಯಾರದೋ ಹೃದಯದ ಮಾತ್ರೆ ಇತ್ತು. ಮೊನ್ನೆಯ ಪ್ರತಿ ಹಾಕಿದೆ, ಎಲ್ಲವೂ ಸರಿಯಾಗಿತ್ತು. ಕೊನೆಯಲ್ಲಿ ಇನ್ನೊಂದು ಸಾಲು: ‘ಈಗ ಸರಿ. ಮನೆಗೆ ಹೋಗು.’

ಎರಡೂ ಸಾಲುಗಳಲ್ಲಿ ಬರೆದವರ ಜಾಗದಲ್ಲಿ ಅಕ್ಕನ ಲಾಗಿನ್ ಖಾತೆ ಇತ್ತು, ಸಮಯದ ಜಾಗದಲ್ಲಿ ಅದೇ ದಿನದ ಮಧ್ಯಾಹ್ನ. ಆ ಖಾತೆಯನ್ನು ಅವರು ಹೋದ ಮಾರನೆಯ ದಿನವೇ ನಾನು ಕೈಯಾರೆ ತೆಗೆದುಹಾಕಿದ್ದೆ.