ಆಡಿಗೂ ಮೊದಲು ಬಂದ ಆಷಾಢ

"ಬರ್ತೀರೋ ಇಲ್ಲವೋ ಅಂತ... ಭಯವಾಗಿತ್ತು!"

ಹೈಕೋರ್ಟಿನ ಕೆಂಪು ಕಮಾನಿನ ಕೆಳಗೆ ಕಾದು ನಿಂತಿದ್ದ ಬಿಂದು ಎರಡು ಹೆಜ್ಜೆ ಮುಂದೆ ಬಂದಳು. ಎದುರಿಗೆ ಶಿವರಂಜನ್. ಮದುವೆಯಾದ ಎರಡೇ ವಾರಕ್ಕೆ ದೂರವಾದ ಗಂಡ. ತಿಂಗಳಾದ ಮೇಲೆ ಮುಖ ಕಂಡದ್ದು ಇವತ್ತೇ.

"ಕೇಸಿನಲ್ಲಿ ನನ್ನ ಹೆಸರೂ ಇದೆಯಲ್ಲ," ಎಂದ, ಎಲ್ಲೋ ನೋಡುತ್ತಾ.

ಅಷ್ಟೇ! ಹೇಗಿದ್ದೀಯ ಅಂತಲೂ ಇಲ್ಲ...

ಶಿವರಂಜನ್ ಪೆನಾಂಗಿನಲ್ಲಿ ಹುಟ್ಟಿದವನು, ಮಲೇಷ್ಯಾದ ಪ್ರಜೆ. ಬಿಂದುವಿಗಾಗಿ ಚೆನ್ನೈಗೆ ಬಂದು, ಕೀಲ್ಪಾಕ್‌ನ ಅವಳ ತವರಿನಲ್ಲೇ ಸಂಸಾರ ಹೂಡಿದ್ದ. ವೀಸಾ ಮುಂದುವರಿಸಲು ಅರ್ಜಿ ಹಾಕಿದ ಬೆನ್ನಿಗೇ ಆಷಾಢ ಬಂತು. ಹೊಸ ಅಳಿಯ ಅತ್ತೆಮನೆಯ ಹೊಸ್ತಿಲು ತುಳಿಯಬಾರದು!

"ಒಂದೇ ತಿಂಗಳು ಕಣಪ್ಪ. ಶ್ರಾವಣಕ್ಕೆ ನಾನೇ ಆರತಿ ಎತ್ತಿ ಕರ್ಕೊಂತೀನಿ," ಎಂದು ಅಜ್ಜಿ ಉಮಾಮಹೇಶ್ವರಿ ಅವನನ್ನು ರಾಯಪುರಂನ ಗೆಳೆಯ ಕೃಷ್ಣರಾಜನ ರೂಮಿಗೆ ಕಳಿಸಿದ್ದಳು.

ಜುಲೈ ಮೊದಲ ವಾರ ವೀಸಾ ಅಧಿಕಾರಿ ಮನೆ ನೋಡಲು ಬಂದರು. ಬಾಗಿಲು ತೆರೆದದ್ದು ಬಿಂದು.

"ಗಂಡ ಎಲ್ಲಿ?"

"ಇಲ್ಲಿಲ್ಲ ಸಾರ್... ಆಡಿ ಅಲ್ವಾ?" ಆಷಾಢಕ್ಕೆ ತಮಿಳರು ಹೇಳುವ ಹೆಸರನ್ನೇ ಹೇಳಿದಳು.

ಅಧಿಕಾರಿ ಅವಳನ್ನೇ ಒಂದು ಗಳಿಗೆ ದಿಟ್ಟಿಸಿ ಹೊರಟುಹೋಗಿದ್ದರು.

ಆಮೇಲೆ ಬಂದದ್ದು ನಿರಾಕರಣೆ. 'ಗಂಡ ಜೊತೆಗಿಲ್ಲವೆಂದು ಹೆಂಡತಿಯೇ ಒಪ್ಪಿದ್ದಾಳೆ. ಕೊಟ್ಟ ಕಾರಣ ಸುಳ್ಳು. ಇದು ವೀಸಾಕ್ಕಾಗಿ ಮಾಡಿಕೊಂಡ ಮದುವೆ.' ಅವನು ದೇಶ ಬಿಡಬೇಕು! ಅದರ ವಿರುದ್ಧ ಇಬ್ಬರ ಹೆಸರಿನಲ್ಲೂ ಹೈಕೋರ್ಟಿನಲ್ಲಿ ಕೇಸು ಹಾಕಿದ್ದಾಯಿತು.

ನಿರಾಕರಣೆ ಬಂದಂದಿನಿಂದ ಫೋನಿನಲ್ಲಿ ಅವನ ಮಾತು ಬರೀ 'ಹೂಂ'ಗೆ ಇಳಿದಿತ್ತು. ನಿನ್ನೆಯಂತೂ ಕೃಷ್ಣರಾಜನೇ ಬಾಯಿಬಿಟ್ಟಿದ್ದ...

"ಟಿಕೆಟ್ ಮಾಡಿಸಿದ್ದೀರಂತೆ?" ಬಿಂದು ಕೇಳಿದಳು.

"ಹೂಂ."

"ಹಾಗಾದ್ರೆ ನಾನು?"

ಈಗ ಅವನು ತಿರುಗಿ ನೋಡಿದ. ಕಣ್ಣು ಕೆಂಪಾಗಿತ್ತು. "ನೀನು ಸುಳ್ಳು ಹೇಳಿದೆ ಅಂತ ಬರೆದಿದ್ದಾರೆ, ಬಿಂದು. ನಾನು ಬೇಡವಾಗಿದ್ರೆ ನನಗೇ ಹೇಳಬಹುದಿತ್ತು."

"ಅಯ್ಯೋ! ನಾನೇನು..."

"ವಾಮ್ಮಾ, ಸೀಕ್ರಂ! ನಮ್ಮ ಕೇಸ್ ಕೂಗಿದ್ರು!" ವಕೀಲೆ ಕೌಸಲ್ಯಾ ಅವಳ ಕೈ ಹಿಡಿದು ಎಳೆದರು.

ಒಳಗೆ ಸರ್ಕಾರದ ವಕೀಲರು ನಗುತ್ತಲೇ ಶುರು ಮಾಡಿದರು. "ಆಡಿಯಲ್ಲಿ ಹೊಸ ಜೋಡಿ ಬೇರೆ ಇರೋದು ನಮ್ಮಲ್ಲೂ ಉಂಟು, ಮೈ ಲಾರ್ಡ್. ಆದರೆ ಅಧಿಕಾರಿ ಹೋದ ದಿನ ಆಡಿ ಹುಟ್ಟೋಕೆ ಇನ್ನೂ ಎರಡು ವಾರ ಇತ್ತು!"

ಬಿಂದು ತಟ್ಟನೆ ತಲೆಯೆತ್ತಿದಳು. ಇದಾ... ಇದಾ ನಾನು ಹೇಳಿದ ಸುಳ್ಳು!

ನ್ಯಾಯಮೂರ್ತಿಗಳು ಅವಳತ್ತ ನೋಡಿದರು. "ಏನಮ್ಮಾ, ಹೌದಾ?"

ಬಿಂದು ಎದ್ದು ನಿಂತಳು. ತಮಿಳಿನಲ್ಲೇ ಹೇಳಿದಳು. "ಸಾರ್, ನಾವು ಕನ್ನಡದವರು. ನಮ್ಮದು ಆಷಾಢ, ಅಮಾವಾಸ್ಯೆ ಕಳೆದ ಮರುದಿನವೇ ಶುರು. ಈ ಸಲ ನಿಮ್ಮ ಆಡಿಗಿಂತ ಮೊದಲೇ ಬಂತು. ಇಲ್ಲಿಯವರಿಗೆ ಅರ್ಥವಾಗಲಿ ಅಂತ ಚಿಕ್ಕಂದಿನಿಂದ ಆಡಿ ಅಂತಲೇ ಹೇಳಿ ರೂಢಿ... ಆ ಅಧಿಕಾರಿಗೂ ಹಾಗೇ ಅಂದುಬಿಟ್ಟೆ."

ಬಿಂದು ಗಂಡನತ್ತ ಒಮ್ಮೆ ತಿರುಗಿ ನೋಡಿದಳು.

"ಅವರು ಬೇಡ ಅಂತ ಅಲ್ಲ ಸಾರ್. ಅವರ ಚಪ್ಪಲಿ ಇನ್ನೂ ನಮ್ಮ ಬಾಗಿಲಲ್ಲೇ ಇದೆ. ಎತ್ತಿಡೋಕೆ ಅಜ್ಜಿಗೂ ಬಿಟ್ಟಿಲ್ಲ..."

ಹಿಂದಿನ ಸಾಲಿನಲ್ಲಿ ಶಿವರಂಜನ್ ತಲೆ ತಗ್ಗಿಸಿದ.

ನ್ಯಾಯಮೂರ್ತಿಗಳು ಕನ್ನಡಕ ತೆಗೆದರು. "ವೀಸಾ ಕೊಡೋದು ಸರ್ಕಾರದ ಕೆಲಸ, ನನ್ನದಲ್ಲ. ಆದರೆ ಇನ್ನೊಂದು ಪ್ರಶ್ನೆಯನ್ನೂ ಕೇಳದೆ ಒಂದು ಮದುವೆಯನ್ನು ಸುಳ್ಳು ಅಂತ ಬರೆಯೋ ಹಾಗಿಲ್ಲ. ನಿರಾಕರಣೆ ರದ್ದು. ಇಬ್ಬರನ್ನೂ ಕೂರಿಸಿ, ಕೇಳಿ, ಹೊಸದಾಗಿ ತೀರ್ಮಾನಿಸಿ. ಅಲ್ಲಿಯವರೆಗೆ ಇವರನ್ನು ಕಳಿಸಬಾರದು."

ಗೆದ್ದೆವಾ? ಪೂರ್ತಿ ಗೆಲುವಲ್ಲ... ಆದರೂ ಉಸಿರಾಡಬಹುದು.

ಹೊರಗೆ ಬಂದಾಗ ಶಿವರಂಜನ್ ಅವಳ ದಾರಿಗೆ ಅಡ್ಡ ನಿಂತಿದ್ದ.

"ಕ್ಷಮಿಸು ಬಿಂದು. ಕೇಳಬೇಕಾದವನು ನಾನೂ ಕೇಳಲಿಲ್ಲ."

"ಟಿಕೆಟ್?"

"ಸೋತು ಬಲವಂತವಾಗಿ ಕಳಿಸಿದರೆ ಮತ್ತೆ ಒಳಗೆ ಬಿಡ್ತಾರೋ ಇಲ್ಲವೋ ಅಂತ ಹೆದರಿದ್ದೆ. ನಾನಾಗೇ ಹೋದರೆ ಇನ್ನೊಂದು ಅರ್ಜಿ ಹಾಕಬಹುದಲ್ಲ... ಕೋಪ ಇತ್ತು, ನಿಜ. ಆದರೂ ಅದು ನಿನ್ನ ಹತ್ತಿರ ವಾಪಸ್ ಬರೋಕೇ ಮಾಡಿಸಿದ ಟಿಕೆಟ್ಟು."

ಬಿಂದುವಿನ ಕಣ್ಣು ತುಂಬಿತು. "ಅವರು ಮತ್ತೆ ಇಲ್ಲ ಅಂದ್ರೆ?"

"ಮತ್ತೆ ಇಲ್ಲಿಗೇ ಬರೋಣ. ಇಬ್ಬರೂ."

ಅವಳು ಅವನ ಬೆರಳು ಹಿಡಿದಳು. "ಈಗ ಮನೆಗೆ ಬನ್ನಿ."

"ಈಗ ಆಡಿ ನಡೀತಿದೆಯಲ್ಲಾ?"

"ಅದು ಅವರಿಗೆ ರೀ! ನಮಗೆ ಇವತ್ತಿಂದ ಶ್ರಾವಣ. ಅಜ್ಜಿ ಬೆಳಗ್ಗೆಯೇ ಆರತಿ ತಟ್ಟೆ ತೊಳೆದಿಟ್ಟಿದ್ದಾಳೆ."

"ಅಧಿಕಾರಿ ಬಂದು, ಗಂಡ ಎಲ್ಲಿ ಅಂತ ಕೇಳಿದ್ರೆ?"

"ಒಳಗಿದ್ದಾರೆ, ಊಟ ಮಾಡ್ತಿದ್ದಾರೆ... ಸ್ವಲ್ಪ ಕಾಯಿರಿ ಅಂತೀನಿ!"