ಟಪಾಲು ನಂಬರ್ ನಾನೂರ ಹನ್ನೆರಡು

"ಈ ಮೇಲ್‌ಗೆ ಪಾಸ್‌ವರ್ಡ್ ಬರೆದು ಕಳಿಸಿದವರು ಯಾರು?"

ಹಾಸನದ ಹೆಡ್ಡಾಫೀಸಿನಿಂದ ಬಂದ ಯುವಕ ಕೇಳಿದ್ದೇ ತಡ, ಅರಸೀಕೆರೆಯ ಆ ಕಾಯಿಪುಡಿ ಕಂಪನಿಯಲ್ಲಿ ಹನ್ನೊಂದು ತಲೆಗಳು ತಗ್ಗಿದವು. ಹನ್ನೆರಡನೆಯದು ಭಾನುಪ್ರಿಯಾಳದು. ಅದು ತಗ್ಗಲಿಲ್ಲ.

"ನಾನೇ ಸರ್," ಎಂದು ಎದ್ದು ನಿಂತಳು.

ಅವನು ಅವಳನ್ನು ನೋಡಿದ. ಒಂದು ಕ್ಷಣ... ಹೇಳಬೇಕಾದ ಮಾತೇ ಮರೆತುಹೋಯಿತು!

"ಯಾಕೆ ಕಳಿಸಿದ್ರಿ?"

"ಟಪಾಲು ನಂಬರ್ ಬಿದ್ದಿತ್ತು ಸರ್."

2008ರ ಮಾತು. ಆ ಆಫೀಸಿನಲ್ಲಿ ಮೇಲ್ ಕೂಡ ಟಪಾಲೇ. ಪ್ರಿಂಟ್ ತೆಗೆದು, ದುಂಡು ಸೀಲು ಒತ್ತಿ, ರಿಜಿಸ್ಟರಿನಲ್ಲಿ ನಂಬರ್ ಹಾಕಿದರೆ ಸಂಜೆಯೊಳಗೆ ಉತ್ತರ ಹೋಗಲೇಬೇಕು. ಇದು ಹೆಡ್ ಕ್ಲರ್ಕ್ ಶಾಂತಾದೇವಿಯಮ್ಮನ ಮೂವತ್ತು ವರ್ಷದ ಕಟ್ಟಳೆ. ಕಾಗದ ಕಳಿಸಿದವರು ನಿಜಕ್ಕೂ ಯಾರು ಎಂದು ಕೇಳುವ ಪದ್ಧತಿ ಮಾತ್ರ ಇರಲಿಲ್ಲ.

"ಆ ಮೇಲ್ ಕಳಿಸಿದ್ದು ನಾನೇ. ಪರೀಕ್ಷೆ ಮಾಡೋಕೆ," ಎಂದ ಯುವಕ. ಅವನ ಹೆಸರು ರಾಹುಲ್. ಕಳ್ಳ ಮೇಲ್‌ಗಳನ್ನು ಗುರುತಿಸುವುದು ಹೇಗೆಂದು ಕಲಿಸಲು ಬಂದಿದ್ದ.

ಎಲ್ಲರೂ ನಕ್ಕರು. ಭಾನು ಕಣ್ಣು ತುಂಬಿಕೊಂಡಳು. ಕಣಕಟ್ಟೆಯಿಂದ ಎರಡು ವರ್ಷ ದಿನವೂ ಬಸ್ಸಿನಲ್ಲಿ ನಿಂತು ಬಂದಿದ್ದಳು. ಮುಂದಿನ ತಿಂಗಳು ಕೆಲಸ ಕಾಯಂ ಆಗಬೇಕಿತ್ತು. 'ಮೋಸ ಹೋದವರ ಪಟ್ಟಿಯಲ್ಲಿ ನನ್ನ ಹೆಸರು ಹಾಸನಕ್ಕೆ ಹೋಗುತ್ತೆ... ಮುಗೀತು!'

"ಅವಸರ ಮಾಡೋ ಮೇಲು, ಪಾಸ್‌ವರ್ಡ್ ಕೇಳೋ ಮೇಲು ನಂಬಬೇಡಿ. ಕಳಿಸಿದವರ ವಿಳಾಸ ಪೂರ್ತಿ ಓದಿ. ಅನುಮಾನ ಬಂದ್ರೆ ನಂಗೆ ಫೋನ್ ಮಾಡಿ. ತಪ್ಪಾಗಿದ್ರೂ ಪರವಾಗಿಲ್ಲ, ಮುಚ್ಚಿಡಬೇಡಿ."

ಅವನು ಹೇಳಿದ್ದನ್ನು ಭಾನು ಒಂದಕ್ಷರ ಬಿಡದೆ ಬರೆದುಕೊಂಡಳು. ಅಷ್ಟು ಕೋಪ!

ಹೊರಡುವಾಗ ಅವನು ಮೇಜಿನ ಬಳಿ ಬಂದ. "ಬೇಜಾರಾಯ್ತೇನ್ರೀ?"

"ಕದ್ದು ಪರೀಕ್ಷೆ ಮಾಡೋರ ಹತ್ರ ನಂಗೇನು ಮಾತು?"

ಆಮೇಲೆ ಪ್ರತಿ ಸೋಮವಾರ ಹನ್ನೊಂದಕ್ಕೆ ಅವನ ಫೋನು. "ಅನುಮಾನದ ಮೇಲ್ ಏನಾದ್ರೂ ಬಂತಾ?" "ಇಲ್ಲ." ಕುಕ್ಕಿ ಇಡುತ್ತಿದ್ದಳು. ಆದರೆ ಒಂದು ಸೋಮವಾರ ಹನ್ನೊಂದೂಕಾಲಾದರೂ ಫೋನು ರಿಂಗಾಗದಿದ್ದಾಗ, ಅದು ಕೆಟ್ಟಿದೆಯೇನೋ ಎಂದು ಎತ್ತಿ ನೋಡಿದವಳೂ ಅವಳೇ. ಈ ಹಾಳು ಮನಸ್ಸಿಗೆ ಏನು ಹೇಳುವುದು!

ಆ ಗುರುವಾರ ಮಧ್ಯಾಹ್ನ ಶಾಂತಾದೇವಿಯಮ್ಮ ಕಾಗದ ಹಿಡಿದು ಬಂದರು. ಮುಖ ಬಿಳುಚಿತ್ತು.

"ಭಾನು... ಇವತ್ತೇ ಪಾಸ್‌ವರ್ಡ್ ಕಳಿಸ್ದಿದ್ರೆ ಮೇಲ್ ನಿಂತುಹೋಗುತ್ತೆ ಅಂತ ಬರೆದಿತ್ತು ಕಣೇ. ನಂಬರ್ ಹಾಕಿ ಉತ್ತರ ಕೊಟ್ಟುಬಿಟ್ಟೆ. ಈಗ್ಯಾಕೋ ಭಯ ಆಗ್ತಿದೆ."

ಭಾನು ವಿಳಾಸ ಓದಿದಳು. ಹೆಸರು ಹೆಡ್ಡಾಫೀಸಿನದು, ವಿಳಾಸ ಯಾರದೋ!

"ಯಾರಿಗೂ ಹೇಳ್ಬೇಡ ಕಣೇ. ರಿಟೈರ್ ಆಗೋಕೆ ಮೂರೇ ತಿಂಗಳು..."

ಹೇಳಿದರೆ ಶಾಂತಾದೇವಿಯಮ್ಮನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಕಳ್ಳರು ಕಂಪನಿಯ ಹೆಸರಲ್ಲಿ ಊರೂರಿಗೂ ಸುಳ್ಳು ಬರೆಯುತ್ತಾರೆ. ಭಾನು ಫೋನು ಎತ್ತಿದಳು.

"ಸರ್, ಕಳ್ಳ ಮೇಲ್‌ಗೆ ಪಾಸ್‌ವರ್ಡ್ ಹೋಗೈತೆ! ಕಾಲು ಗಂಟೆ ಆಯ್ತು!"

"ಕಳಿಸಿದ್ದು ಯಾರು?"

"...ನಾನೇ."

'ಇವತ್ತಿಗೆ ನನ್ನ ಕೆಲಸ ಹೋಯ್ತು...'

"ಈಗಲೇ ಪಾಸ್‌ವರ್ಡ್ ಬದಲಾಯಿಸ್ತೀನಿ. ಗಾಬರಿಯಾಗಬೇಡಿ. ನಾನು ಬರ್ತೀನಿ."

ಸಂಜೆಯ ರೈಲಿಗೆ ಬಂದೇಬಿಟ್ಟ. ಪಾಸ್‌ವರ್ಡ್ ಬದಲಾಗಿ, ಅನಾಹುತ ಆಗುವ ಮೊದಲೇ ಕಳ್ಳರಿಗೆ ಬಾಗಿಲು ಮುಚ್ಚಿತ್ತು. ರಿಜಿಸ್ಟರ್ ತೆರೆದು ನೋಡಿದ. ಉತ್ತರ ಕಳಿಸಿದ ಕಾಲಂನಲ್ಲಿ ಶಾಂತಾದೇವಿಯಮ್ಮನ ಅಕ್ಷರ, ಅವರದೇ ಸಹಿ. ಸದ್ದಿಲ್ಲದೆ ಮುಚ್ಚಿ, ಹೊರಗೆ ನಿಂತಿದ್ದ ಭಾನುವಿನ ಬಳಿ ಬಂದ.

"ಸುಳ್ಳು ಯಾಕೆ ಹೇಳಿದ್ರಿ?"

"ನನ್ನ ಹೆಸರು ಹೆಂಗೂ ನಿಮ್ಮ ಪಟ್ಟೀಲಿ ಐತಲ್ಲ ಸರ್. ಇನ್ನೊಂದು ಸಲ ಬರ್ಕೊಳ್ಳಿ. ಶಾಂತಾದೇವಿಯಮ್ಮ ತಲೆ ಎತ್ಕೊಂಡು ರಿಟೈರ್ ಆಗ್ಲಿ." ಅಷ್ಟು ಹೇಳುವಷ್ಟರಲ್ಲಿ ಅಳು ಒತ್ತರಿಸಿ ಬಂತು.

ರಾಹುಲ್ ಬ್ಯಾಗಿನಿಂದ ಅವತ್ತಿನ ಪರೀಕ್ಷೆಯ ವರದಿಯ ಪ್ರತಿ ತೆಗೆದು ಕೊಟ್ಟ. ಅದರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಕೊನೆಗೆ ಒಂದು ಸಾಲು: 'ಅರಸೀಕೆರೆಯಲ್ಲಿ, ಕೇಳಿದ ಕೂಡಲೇ ತಪ್ಪನ್ನು ಒಪ್ಪಿಕೊಂಡು ಎದ್ದು ನಿಂತವರೊಬ್ಬರಿದ್ದಾರೆ. ಇಂಥವರು ಪ್ರತಿ ಆಫೀಸಿನಲ್ಲೂ ಬೇಕು.'

"ಹೆಸರು ಬರೆದು ಕಳಿಸಿದ್ರೆ ನಾಳೆ ಯಾರು ಫೋನ್ ಮಾಡ್ತಾರೆ ಹೇಳಿ? ಆದ್ರೂ ಅವತ್ತು ನಿಮ್ಮನ್ನ ಎಲ್ಲರ ಮುಂದೆ ನಿಲ್ಲಿಸಿದ್ದು ನನ್ನ ತಪ್ಪು. ಕ್ಷಮಿಸಿ."

'ಅಯ್ಯೋ... ಇಷ್ಟು ದಿನ ಇವರನ್ನೇ ಬೈಕೊಂಡೆನಲ್ಲ!'

ಮರುದಿನ ಶಾಂತಾದೇವಿಯಮ್ಮ ತಾವೇ ಎದ್ದು ನಿಂತರು. "ನಿನ್ನೆ ಪಾಸ್‌ವರ್ಡ್ ಕಳಿಸಿದ್ದು ನಾನು ಕಣ್ರಪ್ಪ. ಇನ್ಮೇಲೆ ಕಳಿಸಿದವರನ್ನ ಫೋನಲ್ಲಿ ಕೇಳಿದ ಮೇಲೇ ನಂಬರ್." ಈ ಸಲ ಯಾರೂ ನಗಲಿಲ್ಲ.

ಮುಂದಿನ ತಿಂಗಳು ಭಾನುವಿನ ಕೆಲಸ ಕಾಯಂ ಆದ ಆದೇಶ ಬಂತು. ಅದರ ಬೆನ್ನಿಗೇ ಇನ್ನೊಂದು ಮೇಲ್.

'ನನ್ನ ಜೊತೆ ಬಾಳ್ತೀರಾ? ಕೂಡಲೇ ಉತ್ತರಿಸಿ. ರಾಹುಲ್.'

ಎದೆ ಧಸಕ್ಕೆಂದಿತು. ಆದರೂ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿದಳು. ಉತ್ತರ ಬರೆಯಲಿಲ್ಲ. ಫೋನು ಎತ್ತಿದಳು.

"ಸರ್, ಅನುಮಾನದ ಮೇಲ್ ಒಂದು ಬಂದೈತೆ."

"ಏ... ಏನಂತೆ?"

"ಕೂಡಲೇ ಉತ್ತರ ಬೇಕಂತೆ. ಅವಸರ ಮಾಡೋರನ್ನ ನಂಬಬೇಡಿ ಅಂದಿದ್ರಲ್ಲ?"

ಅವನ ಉಸಿರು ಕೇಳಿಸಿತು. "ಅವಸರ ಇಲ್ಲ ಕಣ್ರೀ. ವರ್ಷ ಆದ್ರೂ ಕಾಯ್ತೀನಿ. ಆದ್ರೆ ಕಳಿಸಿದ್ದು ನಾನೇ ಭಾನು... ಈ ಸಲ ಪರೀಕ್ಷೆ ಅಲ್ಲ."

ಅವಳ ಕಣ್ಣಂಚಿನ ಹನಿ ರಿಜಿಸ್ಟರಿನ ಮೇಲೆ ಬಿತ್ತು.

"ಕೇಳಿದ್ದಾಯ್ತು. ಈಗ ನಂಬರ್ ಹಾಕ್ತಿದ್ದೀನಿ. ನಾನೂರ ಹನ್ನೆರಡು. ಸಂಜೆಯೊಳಗೆ ಉತ್ತರ ಕೊಡ್ಲೇಬೇಕು."

"ಮೇಲಲ್ಲಿ ಕಳಿಸ್ತೀರಾ?"

"ಊಹೂಂ. ಸಂಜೆ ರೈಲಿಗೆ ಬನ್ನಿ... ಸ್ಟೇಷನ್‌ನಲ್ಲಿ ನಿಂತಿರ್ತೀನಿ. ಹೂಂ ಅನ್ನೋದನ್ನ ಎದುರಿಗೇ ಹೇಳ್ಬೇಕು!"